ದಶಮಿಯ ದಿನ ನಾನು ದೌಂಡಿನಲ್ಲಿದ್ದೆ

ನಾನೊಬ್ಬ ಒಳ್ಳೆಯ ಮನುಷ್ಯ ಎಂಬ ಗುಮಾನಿ ನನಗೆ ಬಹಳ ವರ್ಷಗಳಿಂದ ಇತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅದು ಬೇರೆ ಮಾತು. ಒಳ್ಳೆಯತನ ಬೆನ್ನಿನ ಮೇಲಿನ ಮಚ್ಚೆಯ ಹಾಗೆ, ಇದ್ದರೆ ಇನ್ನೊಬ್ಬರು ನೋಡಿ ಹೇಳಬೇಕು. ಹೇಳುವವರಿಗೆ ಪುರುಸೊತ್ತು ಇಲ್ಲದ್ದರಿಂದ ನಾನೇ ಆಗಾಗ ಕತ್ತು ಹೊರಳಿಸಿ ನೋಡಿಕೊಳ್ಳುತ್ತಿದ್ದೆ. ಪುರಾವೆಗಳು ಬೇಕಾದಷ್ಟಿದ್ದವು. ಪುಣೆಯಂಥ ಪುಣೆಯಲ್ಲಿ ನಾನು ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಓಡಿಸುತ್ತೇನೆ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದವರು ನನ್ನನ್ನು ಪರ ಊರಿನವನೆಂದು ಕನಿಕರದಿಂದ ನೋಡುತ್ತಾರೆ. ಪುಣೆಯವರು ನಿದ್ದೆ ಮಾಡುವ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರ ಮನೆಯ ಬೆಲ್ಲನ್ನೂ ಒತ್ತುವುದಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಸೂರ್ಯೋದಯದ ಚಿತ್ರದ ಕೆಳಗೆ ಸತ್ಯ, ಸಂತೃಪ್ತಿ, ಸಾರ್ಥಕ ಬದುಕು ಇತ್ಯಾದಿಗಳ ಬಗ್ಗೆ ಬರೆದ ಸಂದೇಶಗಳನ್ನು ಬಂಧು ಬಳಗಕ್ಕೆಲ್ಲ ಕಳಿಸುತ್ತೇನೆ. ಅವರಲ್ಲಿ ಎಷ್ಟು ಜನ ನನ್ನ ನಂಬರನ್ನು ಮೂಕ ಮಾಡಿದ್ದಾರೋ ಗೊತ್ತಿಲ್ಲ, ನಾನಂತೂ ಕರ್ತವ್ಯದಿಂದ ವಿಚಲಿತನಾಗಿಲ್ಲ.

ಸುಳ್ಳು? ಹೇಳುತ್ತೇನೆ. ಇಲ್ಲ ಎಂದರೆ ಅದೇ ಒಂದು ಸುಳ್ಳಾಗುತ್ತದೆ. ಆದರೆ ನನ್ನ ಸುಳ್ಳುಗಳು ಸಣ್ಣವು, ಸಾಧು ಸ್ವಭಾವದವು, ಯಾರನ್ನೂ ಕಚ್ಚುವುದಿಲ್ಲ ಎಂದು ನಾನು ನಂಬಿದ್ದೆ. ಇದಕ್ಕೆ ನನ್ನ ನೌಕರಿಯೂ ಸ್ವಲ್ಪ ಕಾರಣ. ಭೋಸರಿಯ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವನು. ದಿನವಿಡೀ ಕಬ್ಬಿಣದ ತುಂಡುಗಳನ್ನು ಅಳೆದು, ಇದು ಪಾಸು, ಇದು ಫೇಲು ಎಂದು ಬೇರೆ ಮಾಡುವುದು ನನ್ನ ಕೆಲಸ. ಅಲ್ಲಿ ಟಾಲರನ್ಸ್ ಎಂಬ ಒಂದು ಮಾತಿದೆ. ಯಾವ ತುಂಡೂ ಹೇಳಿದ ಅಳತೆಗೆ ಕರಾರುವಾಕ್ಕಾಗಿ ಬರುವುದಿಲ್ಲವಾದ್ದರಿಂದ ಒಂದು ಕೂದಲೆಳೆ ಆ ಕಡೆ, ಒಂದು ಕೂದಲೆಳೆ ಈ ಕಡೆ ನಡೆಯುತ್ತದೆ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಮೇಲೆ ನನ್ನ ನಡತೆಯನ್ನೂ ನಾನು ಅದೇ ಪಟ್ಟಿಯಿಂದ ಅಳೆದುಕೊಂಡು ಪಾಸು ಮಾಡಿಕೊಳ್ಳುತ್ತಿದ್ದೆ. ಈ ವರ್ಷದ ಆಷಾಢದಲ್ಲಿ ನಾನು ಫೇಲಾದ ಕತೆ ಇದು. ಫೇಲು ಮಾಡಿದವರು ಇಬ್ಬರು. ಒಬ್ಬಳು ನನ್ನ ಅವ್ವ, ಇನ್ನೊಬ್ಬರು ಯೆರವಡಾದ ನಮ್ಮ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಚೆನ್ನಪ್ಪಣ್ಣ.

ಅವ್ವನದು ಏಕಾದಶಿಯ ವ್ರತ. ನಾನು ಮೂರು ವರ್ಷದವನಿದ್ದಾಗ ವಿಷಮಶೀತ ಜ್ವರ ಬಂದು, ಡಾಕ್ಟರು ಕೈ ಚೆಲ್ಲಿ, ಮನೆಯವರು ಅಳಲು ಶುರು ಮಾಡಿದಾಗ ಅವ್ವ, "ಈ ಕೂಸು ಉಳೀಲಿ, ನಾ ಬದುಕಿರೋತನಕ ಒಂದು ಏಕಾದಶೀನೂ ಬಿಡಂಗಿಲ್ಲ" ಎಂದು ವಿಠ್ಠಲನಿಗೆ ಹರಕೆ ಹೊತ್ತಳಂತೆ. ನಾನು ಉಳಿದೆ. ವಿಠ್ಠಲ ತನ್ನ ಮಾತು ನಡೆಸಿದ, ಅವ್ವ ತನ್ನದು ನಡೆಸಿದಳು, ಐವತ್ತು ವರ್ಷವಾಯಿತು. ಅಂದರೆ ತಿಂಗಳಿಗೆ ಎರಡು ಸಲ ನನ್ನ ಲೈಸೆನ್ಸು ನವೀಕರಣವಾಗುತ್ತ ಬಂದಿದೆ ಎನ್ನಬಹುದು. ಹಾವೇರಿ ಕಡೆಯ ನಮ್ಮ ಊರಿನಲ್ಲಿ ಉಪವಾಸ ಎಂದರೆ ಅನ್ನ ಉಣ್ಣದಿರುವುದು, ಅಷ್ಟೆ. ಉಪ್ಪಿಟ್ಟು ನಡೆಯುತ್ತದೆ, ಅವಲಕ್ಕಿ ನಡೆಯುತ್ತದೆ. ನಮ್ಮಪ್ಪನಂತೂ ಏಕಾದಶಿಯ ದಿನ ಎರಡು ತಾಟು ಉಪ್ಪಿಟ್ಟು ತಿಂದು, ಮೇಲೆ ನಾಲ್ಕು ಬಾಳೆಹಣ್ಣು ಸುಲಿದು, "ಉಪವಾಸ ಭಾಳ ತ್ರಾಸಪ್ಪಾ" ಎಂದು ಮಲಗುತ್ತಿದ್ದ. ಅವ್ವ ನನ್ನ ಜೊತೆ ಪುಣೆಗೆ ಬಂದ ಹೊಸದರಲ್ಲಿ ಒಂದು ಏಕಾದಶಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಪಕ್ಕದ ಮನೆಯ ಸುಮನ್ ಕಾಕು ಬಂದವರು ಎದೆಗೆ ಕೈ ಇಟ್ಟುಕೊಂಡು, "ಅಗಬಾಈ! ಉಪವಾಸಾಲಾ ಉಪಮಾ?" ಎಂದರು, ಉಪವಾಸಕ್ಕೆ ಉಪ್ಪಿಟ್ಟೇ ಎಂದು. ಮರಾಠಿಯವರಲ್ಲಿ ಉಪವಾಸಕ್ಕೆ ಗೋಧಿ, ಜೋಳ, ಅಕ್ಕಿ, ರವೆ ಯಾವ ಧಾನ್ಯವೂ ಸಲ್ಲ. ಸಾಬೂದಾಣಿ, ಆಲೂಗಡ್ಡೆ, ಶೇಂಗಾ, ರಾಜಗಿರಿ ಮಾತ್ರ ಸಲ್ಲುತ್ತವೆ, ಎಷ್ಟು ಬೇಕಾದರೂ ಸಲ್ಲುತ್ತವೆ. 'ಏಕಾದಶಿ, ದುಪ್ಪಟ್ ಖಾಶಿ', ಅಂದರೆ ಏಕಾದಶಿಗೆ ಎರಡರಷ್ಟು ತಿನ್ನುವುದು ಎಂದು ಅವರದೇ ಗಾದೆ ಇದೆ. ಅವ್ವ ಆವತ್ತು ಒಲೆ ಆರಿಸಿದಳು. "ನಾ ಕಲ್ತದ್ದು ತಪ್ಪಿದ್ರ ತಪ್ಪು. ಈ ಊರ ನೀರು ಕುಡೀತೀನಿ, ಈ ಊರ ಉಪವಾಸ ಮಾಡ್ತೀನಿ" ಎಂದಳು. ಅಂದಿನಿಂದ ಅವಳಿಗೆ ಉಪವಾಸದ ಹಿಟ್ಟಿನ ಥಾಲಿಪಟ್ಟು, ಅದೂ ಮಧ್ಯಾಹ್ನ ಒಂದೇ ಹೊತ್ತು.

ಉಪವಾಸದ ಹಿಟ್ಟು ಬಂದಲ್ಲಿ ಚೆನ್ನಪ್ಪಣ್ಣ ಬಂದರು. ಇಂಡಿ ಕಡೆಯವರು, ವಯಸ್ಸು ಅರವತ್ತೈದರ ಸುಮಾರು, ಹುಬ್ಬಿನಿಂದ ಚಪ್ಪಲಿಯವರೆಗೆ ಹಿಟ್ಟು. ಅವರ ಗಿರಣಿಯ ಗೋಡೆಗೆ ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಬೋರ್ಡು ಇದೆ: 'ಉಪವಾಸದ ಕಾಳು ದಶಮಿ ದಿನ ಮಾತ್ರ ಬೀಸಲಾಗುವುದು. ವಾದ ಮಾಡಬಾರದು. ವಾದ ಮಾಡಿದರೂ ದಶಮಿ ದಿನವೇ.' ದಶಮಿ ಎಂದರೆ ಏಕಾದಶಿಯ ಹಿಂದಿನ ದಿನ. ಆವತ್ತು ಅವರು ಬೇರೆ ಯಾವ ಕಾಳನ್ನೂ ಮುಟ್ಟುವುದಿಲ್ಲ. ಬೆಳಗ್ಗೆ ಗಿರಣಿ ಬಿಚ್ಚಿ, ಕಲ್ಲನ್ನು ಬ್ರಶ್ಶಿನಿಂದ ಉಜ್ಜಿ, ತಮ್ಮದೇ ಒಂದಿಷ್ಟು ರಾಜಗಿರಿ ಹಾಕಿ ಬೀಸಿ, ಆ ಮೊದಲ ಹಿಟ್ಟನ್ನು ಹಸುವಿಗೆ ಹಾಕಿಬಿಡುತ್ತಾರೆ. ಹಿಟ್ಟು ಬೀಳುವ ಬಾಯಿಗೆ ಅಂಗಿಯ ತೋಳಿನಂಥ ಒಂದು ಬಟ್ಟೆ ಕಟ್ಟಿರುತ್ತಾರಲ್ಲ, ಅದನ್ನು ಅವರು ತೋಳು ಎಂದೇ ಕರೆಯುವುದು, ಅದನ್ನೂ ಬದಲಿಸುತ್ತಾರೆ. ಉಪವಾಸದ ಬಿಳಿ ತೋಳು ಬೇರೆ, ತೊಳೆದು ಮಡಚಿ ಗಂಟು ಕಟ್ಟಿ ದೇವರ ಗೂಡಿನ ಕೆಳಗೆ ಇಟ್ಟಿರುತ್ತದೆ. ನಾನೊಮ್ಮೆ ಬುದ್ಧಿವಂತಿಕೆ ತೋರಿಸಲು, "ಚೆನ್ನಪ್ಪಣ್ಣಾ, ಗೋಧಿ ಬೀಸಿದ ಮೇಲೆ ರಾಜಗಿರಿ ಹಾಕಿದ್ರ ಯಾರಿಗೆ ಗೊತ್ತಾಗ್ತದರೀ?" ಎಂದಿದ್ದೆ. ಅವರು ನನ್ನನ್ನು ಬಿದ್ದು ಮೊಣಕಾಲು ತರಚಿಕೊಂಡು ಬಂದ ಹುಡುಗನನ್ನು ನೋಡುವ ಹಾಗೆ ನೋಡಿದರು. "ಸಾಹೇಬ್ರ, ಜನ ಕಾಳು ತಂದು ಕೊಡ್ತಾರ, ಹಿಟ್ಟು ಒಯ್ತಾರ. ಕಾಳು ನೋಡಿ ಗುರ್ತು ಹಿಡೀಬಹುದು. ಹಿಟ್ಟು ನೋಡಿ ಏನ್ ಗುರ್ತು ಹಿಡೀತೀರಿ? ಎಲ್ಲಾ ಬೆಳ್ಳಗ. ಅದರಾಗ ಏನದ ಅನ್ನೋದು ನನ್ನ ಮಾತಿನ ಮ್ಯಾಲ ನಿಂತದ" ಎಂದರು. ಎಂಥ ಮಾತು! ಮರುದಿನ ಬೆಳಗ್ಗೆ ಅದನ್ನು ಸೂರ್ಯೋದಯದ ಕೆಳಗೆ ಹಾಕಿ ಎಲ್ಲರಿಗೂ ಕಳಿಸಿದೆ.

ಈ ಸಲ ಆಷಾಢದ ದೊಡ್ಡ ಏಕಾದಶಿ ಶುಕ್ರವಾರ ಬಂತು. ದಶಮಿ ಗುರುವಾರ. ಗುರುವಾರ ನಮ್ಮ ಕಾರ್ಖಾನೆಗೆ ವಾರದ ರಜೆ. ಹಿಟ್ಟು ಹಾಕಿಸುವ ಕೆಲಸ ನನಗೇ ಬರುವುದು ಖಚಿತ. ಆಷಾಢ ದಶಮಿಯೆಂದರೆ ಯೆರವಡಾದ ಅರ್ಧ ಹೆಂಗಸರು ಡಬ್ಬಿ ಹಿಡಿದು ಚೆನ್ನಪ್ಪಣ್ಣನ ಮುಂದೆ ಸಾಲು ನಿಂತಿರುತ್ತಾರೆ, ಎರಡು ತಾಸಿಗೆ ಕಡಿಮೆಯಿಲ್ಲ. ಅದೇ ಮಧ್ಯಾಹ್ನ ಟಿವಿಯಲ್ಲಿ ಕ್ರಿಕೆಟ್ ಇತ್ತು. ಸತ್ಯವಂತನಿಗೆ ಸತ್ವಪರೀಕ್ಷೆ ಬರುವುದು ಹೀಗೆಯೇ. ನಾನು ಬುಧವಾರ ಸಂಜೆಯೇ ಡಬ್ಬಿ ಹಿಡಿದು ಗಿರಣಿಗೆ ಹೋದೆ.

"ಚೆನ್ನಪ್ಪಣ್ಣಾ, ನಾಳೆ ನಾ ಊರಾಗ ಇರಂಗಿಲ್ಲರೀ. ದೌಂಡಿಗೆ ಹೋಗಬೇಕು, ಕಂಪನಿ ಕೆಲಸ. ಇವತ್ತೇ ಹಾಕಿಕೊಡ್ರಿ" ಎಂದೆ. ದೌಂಡು ಪುಣೆಯಿಂದ ರೈಲಿನಲ್ಲಿ ಎರಡು ತಾಸಿನ ದಾರಿ.

"ಬೋರ್ಡು ಓದ್ರಿ ಸಾಹೇಬ್ರ. ಇವತ್ತು ಜ್ವಾಳ ನಡದದ" ಎಂದರು ಅವರು, ತಲೆ ಎತ್ತದೆ.

"ನನಗಲ್ಲರೀ, ನಮ್ಮವ್ವಗ. ನಾ ಬರದಿದ್ರ ಆಕಿ ಏಕಾದಶಿ..." ಎಂದು ವಾಕ್ಯವನ್ನು ಅಲ್ಲಿಗೇ ಬಿಟ್ಟೆ. ಅರ್ಧಕ್ಕೆ ಬಿಟ್ಟ ವಾಕ್ಯ ಪೂರ್ತಿ ವಾಕ್ಯಕ್ಕಿಂತ ಚೆನ್ನಾಗಿ ಸುಳ್ಳು ಹೇಳುತ್ತದೆ. ಚೆನ್ನಪ್ಪಣ್ಣ ಗಿರಣಿ ನಿಲ್ಲಿಸಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬೋರ್ಡಿನ ವಿರುದ್ಧ ಹೋಗುತ್ತಿದ್ದ ಮನುಷ್ಯ ಒಂದು ಗಳಿಗೆ ತಮ್ಮ ಕೈಗಳನ್ನೇ ನೋಡಿಕೊಂಡರು. "ಅವ್ವಾರ ಏಕಾದಶಿ ತಪ್ಪಬಾರದು" ಎಂದು ಬ್ರಶ್ಶು ತೆಗೆದುಕೊಂಡರು. ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಸುಳ್ಳು ಹೇಳುವವನ ತೊಂದರೆ ಎಂದರೆ ಅವನಿಗೆ ತನ್ನ ಸುಳ್ಳಿಗೆ ಕುಚ್ಚು ಕಟ್ಟುವ ಚಟ. "ಸ್ವಲ್ಪ ಲಗೂ ಆಗ್ಲಿ ಚೆನ್ನಪ್ಪಣ್ಣಾ, ನಸುಕಿನಾಗ ಗಾಡಿ ಅದ, ಇನ್ನ ಬ್ಯಾಗು ತುಂಬಬೇಕು" ಎಂದು ಗಡಿಯಾರ ನೋಡಿಕೊಂಡೆ. ಆಚೆ ಜೋಳದ ಡಬ್ಬಿಯವರೂ ಗೊಣಗುತ್ತಿದ್ದರು. ಚೆನ್ನಪ್ಪಣ್ಣ ಅವಸರದಿಂದ ಕಲ್ಲು ಉಜ್ಜಿ, ಮೊದಲ ಹಿಟ್ಟು ಚೆಲ್ಲಿ, ನನ್ನ ಕಾಳು ಬೀಸಿಕೊಟ್ಟರು. ಅವಸರದಲ್ಲಿ ಒಂದು ಕೆಲಸ ಉಳಿದುಹೋಯಿತು. ಅದು ಆವತ್ತು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಗುರುವಾರ ಮಧ್ಯಾಹ್ನ ಅವ್ವ ಮತ್ತು ನನ್ನ ಹೆಂಡತಿ ಸುಧಾ ಸೊಸೈಟಿಯ ಭಜನೆಗೆ ಹೋಗಿದ್ದರು. ನಾನು ಬನಿಯನ್ನಿನಲ್ಲಿ, ಶೇಂಗಾ ಬಟ್ಟಲು ಹೊಟ್ಟೆಯ ಮೇಲೆ ಇಟ್ಟುಕೊಂಡು ಕ್ರಿಕೆಟ್ ನೋಡುತ್ತಿದ್ದೆ. ಎರಡು ಗಂಟೆಗೆ ಬೆಲ್ಲು ಹೊಡೆಯಿತು. ಒಂದೇ ಸಲ, ಮೆಲ್ಲಗೆ. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಇಣುಕಿದರೆ ಚೆನ್ನಪ್ಪಣ್ಣ! ಕೈಯಲ್ಲೊಂದು ಹಿಟ್ಟಿನ ಪೊಟ್ಟಣ. ಮೂರು ಮಹಡಿ ಹತ್ತಿ ಬಂದು ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಾರೆ. ನಾನು ಬಾಗಿಲಿಗೆ ಕೈ ಹಾಕಿದವನು ಹಾವು ತುಳಿದವನಂತೆ ಹಿಂದೆ ಸರಿದೆ. ನಾನು ದೌಂಡಿನಲ್ಲಿದ್ದೆನಲ್ಲ! ದೌಂಡಿನಲ್ಲಿರುವವನು ಯೆರವಡಾದಲ್ಲಿ ಬನಿಯನ್ನು ಹಾಕಿಕೊಂಡು ಬಾಗಿಲು ತೆಗೆಯುವುದು ಹೇಗೆ? ಉಸಿರು ಬಿಗಿಹಿಡಿದು ನಿಂತೆ. ಆಗ ನನ್ನ ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ನನ್ನ ಫೋನಿನ ರಿಂಗು ದೇವಸ್ಥಾನದ ಗಂಟೆ ಜಾಗಟೆಯದು. ಭಕ್ತಿ ಇರಲಿ ಎಂದು ನಾನೇ ಹಾಕಿಸಿಕೊಂಡದ್ದು. ಬಾಗಿಲಿನ ಆ ಕಡೆ ಚೆನ್ನಪ್ಪಣ್ಣ ಫೋನು ಕಿವಿಗೆ ಹಿಡಿದಿದ್ದಾರೆ, ಈ ಕಡೆ ಒಂದು ಗೇಣು ದೂರದಲ್ಲಿ ನನ್ನ ತೊಡೆಯ ಮೇಲೆ ಮಹಾಮಂಗಳಾರತಿ ನಡೆದಿದೆ. ಅದನ್ನು ಅದುಮಿ ಹಿಡಿದು ಸುಮ್ಮನಾಗಿಸುವಷ್ಟರಲ್ಲಿ ನಾನು ಅರ್ಧ ಬೆವೆತಿದ್ದೆ. ಕಿಂಡಿಯಲ್ಲಿ ನೋಡಿದರೆ ಅವರು ಒಂದು ಗಳಿಗೆ ಬಾಗಿಲನ್ನೇ ನೋಡುತ್ತ ನಿಂತು, ಆಮೇಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಸಂಜೆ ಮತ್ತೆ ಮೂರು ಸಲ ಫೋನು ಮಾಡಿದರು. ನಾನು ಎತ್ತಲಿಲ್ಲ. ಎತ್ತಿದರೆ ಹಿಂದಿನಿಂದ ದೌಂಡ್ ಜಂಕ್ಷನ್ನಿನ ರೈಲಿನ ಸದ್ದು ಕೇಳಿಸಬೇಕಾಗುತ್ತಿತ್ತು, ಅದಕ್ಕೆ ನಾನು ಏರ್ಪಾಡು ಮಾಡಿರಲಿಲ್ಲ. ನನ್ನ ಹಿಟ್ಟಿನಲ್ಲಿ ಒಂದಿಷ್ಟು ಗಿರಣಿಯಲ್ಲೇ ಉಳಿದಿರಬೇಕು, ಅದನ್ನು ಕೊಡಲು ಇಷ್ಟು ಒದ್ದಾಡುತ್ತಾರೆ, ಪಾಪ ಎಂದುಕೊಂಡೆ.

ಮರುದಿನ ಏಕಾದಶಿ. ಅವ್ವ ಮಧ್ಯಾಹ್ನ ಪೂಜೆ ಮುಗಿಸಿ ಎರಡು ಥಾಲಿಪಟ್ಟು ತಿಂದಳು. ಸಂಜೆ ಐದಕ್ಕೆ ನಾನು ಭೋಸರಿಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದರೆ ಎರಡನೆಯ ಮಹಡಿಯ ತಿರುವಿನಲ್ಲಿ ಚೆನ್ನಪ್ಪಣ್ಣ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಮೈಮೇಲೆ ಹಿಟ್ಟಿರಲಿಲ್ಲ, ಒಗೆದ ಧೋತರ, ಹಣೆಗೆ ವಿಭೂತಿ. ಮೊದಲು ಗುರುತೇ ಸಿಗಲಿಲ್ಲ. ಕೈಯಲ್ಲಿ ಅದೇ ಪೊಟ್ಟಣ.

"ಅವ್ವಾರು ಉಪವಾಸದ ಫರಾಳ ತಿಂದುಬಿಟ್ರೇನ್ರಿ?" ಎಂದು ಕೇಳಿದರು.

"ಆತಲ್ಲ, ಮಧ್ಯಾಹ್ನನ. ಯಾಕ?"

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನಮ್ಮನ್ಯಾಗ ಸಂಜಿಗೆ ಮಾಡ್ತೀವಿ. ಹಂಗ ಅಂತ ನಂಬಿ ಬಂದೆ" ಎಂದರು. ಆಮೇಲೆ ವಿಷಯ ಹೇಳಿದರು. ಗುರುವಾರ ಬೆಳಗ್ಗೆ ಉಪವಾಸದ ಬಿಳಿ ತೋಳು ತೆಗೆಯಲು ಹೋದರೆ ಅದರ ಗಂಟು ಬಿಚ್ಚಿಯೇ ಇರಲಿಲ್ಲ. ಅಂದರೆ ಬುಧವಾರ ಸಂಜೆ ನನ್ನ ಕಾಳು ಬೀಸುವಾಗ ಹಳೆಯ ತೋಳೇ ಇತ್ತು, ಜೋಳದ ಹಿಟ್ಟು ಅಂಟಿದ ತೋಳು. ನನ್ನ ಡಬ್ಬಿಗೆ ಜೋಳ ಸೇರಿದೆ. ಹೊಸ ಹಿಟ್ಟು ಬೀಸಿಕೊಂಡು ಮಧ್ಯಾಹ್ನ ಗಿರಣಿ ಮುಚ್ಚಿ ಓಡಿ ಬಂದಿದ್ದರು. ನಾನು ಬಾಗಿಲು ತೆಗೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಒಂದು ಚಿಲಕ, ಅಷ್ಟೆ.

ಹೆದರಿದವನ ತಲೆ ಬಹಳ ಚುರುಕಾಗಿ ಓಡುತ್ತದೆ. "ಚೆನ್ನಪ್ಪಣ್ಣಾ, ಒಂದು ಚಿಟಿಕಿ ಇರಬಹುದು. ನಮ್ಮ ಫ್ಯಾಕ್ಟರ್ಯಾಗ ಇದಕ್ಕ ಟಾಲರನ್ಸ್ ಅಂತೀವಿ" ಎಂದೆ. ಅವರು ತಲೆ ಅಲ್ಲಾಡಿಸಿದರು. "ನಮ್ಮ ಕಡೆ ಉಪವಾಸಕ್ಕ ಉಪ್ಪಿಟ್ಟೇ ನಡೀತದ, ಜ್ವಾಳದ್ದೇನು ದೊಡ್ಡ ಮಾತು" ಎಂದೆ. ಕಡೆಗೆ ಧ್ವನಿ ತಗ್ಗಿಸಿ, "ಆಕಿಗೆ ಎಪ್ಪತ್ತೆಂಟು ವರ್ಷ, ಬಿಪಿ ಅದ. ಐವತ್ತು ವರ್ಷದ ಹರಕಿ ಮುರೀತು ಅಂತ ಗೊತ್ತಾದ್ರ ತಡಕೊಳ್ಳಂಗಿಲ್ಲ. ಹೇಳಬ್ಯಾಡ್ರಿ, ಕೈ ಮುಗೀತೀನಿ" ಎಂದೆ. ಇದು ಅರ್ಧ ನಿಜ. ಅವ್ವ ತಡೆದುಕೊಳ್ಳಲಾರಳೆಂಬ ಹೆದರಿಕೆ ನಿಜವಾಗಿಯೂ ಇತ್ತು. ದೌಂಡಿನ ಬಣ್ಣ ಬಯಲಾದರೆ ನಾನು ತಡೆದುಕೊಳ್ಳಲಾರೆನೆಂಬ ಹೆದರಿಕೆ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು.

"ಸಾಹೇಬ್ರ, ನಾ ಹೇಳದಿದ್ರ ಅವ್ವಾರು ಉಪವಾಸ ಮಾಡೇನಿ ಅಂತ ತಿಳಕೋತಾರ. ಅದು ಉಪವಾಸ ಅಲ್ಲ ಅಂತ ನನಗ ಗೊತ್ತದ. ಅವರ ದೇವರ ಮುಂದ ಅವರನ್ನ ನಾ ಹೆಂಗ ಸುಳ್ಳಗಾರರನ್ನ ಮಾಡ್ಲಿ?" ಎಂದರು ಚೆನ್ನಪ್ಪಣ್ಣ. ಅಷ್ಟರಲ್ಲಿ ಮೇಲಿನಿಂದ ಅವ್ವನ ದನಿ ಬಂತು. "ಯಾರೋ ವೆಂಕ್ಯಾ ಅದು? ಮೆಟ್ಟಿಲ ಮ್ಯಾಲ ಯಾಕ ಕೂಡಿಸೀದಿ, ಒಳಗ ಕರಿ."

ಒಳಗೆ ಬಂದ ಚೆನ್ನಪ್ಪಣ್ಣ ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವ್ವನ ಎದುರು ನಿಂತು, ಪೊಟ್ಟಣ ನೆಲಕ್ಕಿಟ್ಟು, "ಅವ್ವಾರ, ನನ್ನ ಕೈಲೆ ತಪ್ಪಾಗೇದ. ನಿಮ್ಮ ಹಿಟ್ಟಿನಾಗ ಜ್ವಾಳ ಕೂಡೇದ. ನಿಮ್ಮ ಏಕಾದಶಿ ನಾ ಮುರದೇನಿ" ಎಂದರು. ಮುಂದೆ ಪೀಠಿಕೆಯಿಲ್ಲ, ಹಿಂದೆ ಸಮಜಾಯಿಷಿಯಿಲ್ಲ. ಇಪ್ಪತ್ತೆಂಟು ವರ್ಷದಿಂದ ನಾನು ಕಾರ್ಖಾನೆಯಲ್ಲಿ ತಪ್ಪೊಪ್ಪಿಗೆಗಳನ್ನು ಕೇಳಿದ್ದೇನೆ. ಮಶೀನು ಹಳೆಯದು, ಮಾಲು ಕೆಟ್ಟದ್ದು, ಕರೆಂಟು ಹೋಯಿತು, ಆ ದಿನ ನಾನು ರಜೆಯ ಮೇಲಿದ್ದೆ. ಒಬ್ಬ ಮನುಷ್ಯ ತನ್ನ ತಪ್ಪನ್ನು ಇಷ್ಟು ಬೆತ್ತಲೆಯಾಗಿ ತಂದು ಇನ್ನೊಬ್ಬರ ಮುಂದೆ ಇಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವ್ವ ಬಗ್ಗಿ ಪೊಟ್ಟಣವನ್ನು ನೋಡಿದಳು. ಸುಧಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಬಿಪಿಯ ಗುಳಿಗೆ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಿದ್ದೆ. ಅವ್ವ ತಲೆ ಎತ್ತಿ, "ಅದಕ್ಕ ಅಂತೀನಿ! ಇವತ್ತು ಥಾಲಿಪಟ್ಟು ಅಷ್ಟು ರುಚಿ ಯಾಕಾಗಿತ್ತು ಅಂತ" ಎಂದಳು. ಸುಧಾ ಸೆರಗು ಬಾಯಿಗೆ ಒತ್ತಿಕೊಂಡಳು. ಚೆನ್ನಪ್ಪಣ್ಣ ನಗಲಿಲ್ಲ. ಅವರ ಕಣ್ಣು ತುಂಬಿತ್ತು.

"ಕೂಡ್ರಪ್ಪಾ" ಎಂದಳು ಅವ್ವ. "ಮುರೀತು, ಮುರೀತು. ನಾಳಿ ಮಾಡ್ತೀನಿ, ಬರೇ ನೀರಿನ ಮ್ಯಾಲ."

"ಅವ್ವಾ, ನಾಳೆ ದ್ವಾದಶಿ, ಉಂಡು ಪಾರಣೆ ಮಾಡಬೇಕಲ್ಲ?" ಎಂದೆ ನಾನು, ಶಾಸ್ತ್ರಜ್ಞನಂತೆ.

"ಉಪವಾಸನ ಆಗಿಲ್ಲ ಅಂದ ಮ್ಯಾಲ ಪಾರಣಿ ಎಲ್ಲಿಂದ ಬಂತೋ?" ಎಂದಳು.

"ನಾನೂ ಮಾಡ್ತೀನ್ರಿ ಅವ್ವಾರ, ನಿಮ್ಮ ಜೋಡಿ" ಎಂದರು ಚೆನ್ನಪ್ಪಣ್ಣ. ಆ ಮಾತಿನ ಬಿಸಿಯಲ್ಲಿ ನನ್ನ ಬಾಯಿಂದಲೂ "ನಾನೂ" ಎಂದು ಬಂದುಬಿಟ್ಟಿತು. ಯಾರೂ ಕೇಳಿರಲಿಲ್ಲ.

ಮುಂದಿನದನ್ನು ಬರೆಯಲು ನನಗೆ ಈಗಲೂ ಮುಜುಗರ. ಅವ್ವ, "ಇಷ್ಟು ವರ್ಷ ತಪ್ಪದಾಂವ, ಈ ಸಲ ಹೆಂಗ ತಪ್ಪಿದಿ?" ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಫ್ಯಾನಿನ ರೆಗ್ಯುಲೇಟರು ಮುಟ್ಟಿದೆ. ಚೆನ್ನಪ್ಪಣ್ಣ ನನ್ನ ಕಡೆ ನೋಡಲೂ ಇಲ್ಲ. "ವಯಸ್ಸಾತ್ರಿ ಅವ್ವಾರ. ಮರವು" ಎಂದರು. ಮರೆವು! ಆರು ತಿಂಗಳ ಹಿಂದೆ ಯಾರು ಯಾವ ಬಣ್ಣದ ಡಬ್ಬಿಯಲ್ಲಿ ಏನು ತಂದಿದ್ದರೆಂದು ಹೇಳಬಲ್ಲ ಮನುಷ್ಯ. "ನಿನ್ನಿ ಮಧ್ಯಾಹ್ನನೂ ಬಂದಿದ್ನಿ, ಬಾಗಲಾ ಹಾಕಿತ್ತು" ಎಂದೂ ಸೇರಿಸಿದರು. ಅವ್ವ ಮೆಲ್ಲಗೆ ನನ್ನ ಕಡೆ ತಿರುಗಿದಳು. ಗುರುವಾರ ಭಜನೆ ಮುಗಿಸಿ ಬಂದಾಗ ಸೋಫಾದ ತುಂಬ ಶೇಂಗಾ ಸಿಪ್ಪೆ ಚೆಲ್ಲಿಕೊಂಡು ಕೂತಿದ್ದ ಮಗನನ್ನು ಅವಳು ಕಣ್ಣಾರೆ ಕಂಡಿದ್ದಳು. "ನಿನ್ನಿ ಇಂವಾ..." ಎಂದು ಶುರು ಮಾಡಿದಳು. ನನ್ನ ಮುಖ ನೋಡಿದಳು. ನಿಲ್ಲಿಸಿದಳು. "ಇಂವಾ ಹೊರಗ ಹೋಗಿದ್ದಿರಬೇಕು" ಎಂದು ಮುಗಿಸಿದಳು. ಜೀವಮಾನದಲ್ಲಿ ಒಂದೂ ಸುಳ್ಳು ಆಡದ ಇಬ್ಬರು ಐದು ನಿಮಿಷದಲ್ಲಿ ಎರಡು ಸುಳ್ಳು ಹೇಳಿದರು, ಎರಡೂ ನನಗಾಗಿ. ಒಂದು ಹಿಡಿ ಹಿಟ್ಟಿನ ವಿಷಯದಲ್ಲಿ ಕೂದಲೆಳೆ ಬಿಡದವರು ನನ್ನ ವಿಷಯದಲ್ಲಿ ಇಷ್ಟು ದೊಡ್ಡ ಮನಸ್ಸು ಮಾಡಿದರಲ್ಲ! ಬೆಟ್ಟದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕತ್ತು ನೋಯುತ್ತದಲ್ಲ, ಹಾಗಾಯಿತು ನನಗೆ. ಇಷ್ಟಾದರೂ ಬಾಯಿ ಬಿಟ್ಟೆನೇ? ಇಲ್ಲ. "ಚಹಾ ತಗೋತೀರೇನ್ರಿ?" ಎಂದು ಕೇಳಿದೆ.

ಶನಿವಾರ ನನ್ನ ಉಪವಾಸ ಬೆಳಗ್ಗೆ ಆರಕ್ಕೆ ಭಕ್ತಿಯಿಂದ ಶುರುವಾಯಿತು. ಎಂಟಕ್ಕೆ ಹೆಮ್ಮೆಯೆನಿಸಿತು. ಒಂಬತ್ತಕ್ಕೆ ಸಹೋದ್ಯೋಗಿಗಳಿಗೆಲ್ಲ ಉಪವಾಸದ ವಿಷಯ ತಿಳಿಯುವಂತೆ ನೋಡಿಕೊಂಡೆ. ಹತ್ತಕ್ಕೆ ಮೈಕ್ರೋಮೀಟರಿನ ಅಂಕಿಗಳು ಈಜಾಡತೊಡಗಿದವು. ಹನ್ನೊಂದಕ್ಕೆ ಕಾರ್ಖಾನೆಯ ಗೇಟಿನ ಹೊರಗೆ ವಡಾ ಪಾವ್ ಗಾಡಿಯವನು ಬಾಣಲೆಗೆ ವಡೆ ಬಿಟ್ಟ ಚುಂಯ್ ಸದ್ದು ಮೂರು ಗೋಡೆ ದಾಟಿ ನನ್ನೊಬ್ಬನಿಗೇ ಕೇಳಿಸಿತು. ಆಮೇಲೆ ಏನಾಯಿತೆಂದು ವಿವರಿಸುವುದಿಲ್ಲ. ಹಸಿಮೆಣಸಿನಕಾಯಿಯನ್ನೂ ಬಿಡಲಿಲ್ಲ ಎಂದರೆ ಸಾಕು.

ಹೊಟ್ಟೆ ತುಂಬಿದ ಮೇಲೆ ಮನಸ್ಸು ಕಚ್ಚಲು ಶುರು ಮಾಡಿತು. ಸಂಜೆ ಸೀದಾ ಗಿರಣಿಗೆ ಹೋದೆ. ಚೆನ್ನಪ್ಪಣ್ಣ ಗೋಧಿ ಬೀಸುತ್ತಿದ್ದರು, ತುಟಿ ಒಣಗಿತ್ತು. ನಾನು ಗಿರಣಿಯ ಸದ್ದಿನಲ್ಲಿ ಕೂಗಿಯೇ ಹೇಳಿದೆ, "ಚೆನ್ನಪ್ಪಣ್ಣಾ, ನಾ ದೌಂಡಿಗೆ ಹೋಗಿರಲಿಲ್ಲ!" ಅಷ್ಟರಲ್ಲಿ ಅವರು ಗಿರಣಿ ನಿಲ್ಲಿಸಿದ್ದರಿಂದ ಅದು ಸಾಲಿನಲ್ಲಿದ್ದ ಹೆಂಗಸರಿಗೂ, ಎದುರಿನ ಕಿರಾಣಿಯವನಿಗೂ ಕೇಳಿಸಿತು.

"ಗೊತ್ತದರೀ. ನಿಮ್ಮ ಫೋನು ಬಾಗಲ ಹಿಂದ ಬಡಕೊಂತಲ್ಲ" ಎಂದರು ಅವರು, ಸಹಜವಾಗಿ.

"ಮತ್ತ ಅವ್ವನ ಮುಂದ ಯಾಕ ಹೇಳಲಿಲ್ಲ? ನಾ ಅವಸರ ಮಾಡಿದ್ದಕ್ಕ ತಪ್ಪಿತು ಅಂತ?"

ಅವರು ಕೈ ಒರೆಸಿಕೊಂಡರು. "ಕೈ ನಂದು, ತಪ್ಪು ನಂದು. ನಂದು ನಾ ಹೇಳಿದ್ನಿ. ನಿಮ್ಮದೂ ನಾನ ಹೇಳಿಬಿಟ್ರ ನಿಮಗೇನ್ ಉಳೀತರೀ ಸಾಹೇಬ್ರ?" ಎಂದು ಮತ್ತೆ ಗಿರಣಿ ಹಾಕಿದರು.

ಮನೆಗೆ ಬಂದಾಗ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಮುಖ ಬಾಡಿತ್ತು, ಆದರೂ ಆ ಮುಖದಲ್ಲಿ ಎಂಥದೋ ಒಂದು ನಿರಾಳ ಇತ್ತು. ಕಾಲಿನ ಹತ್ತಿರ ಕುಳಿತು ಎಲ್ಲವನ್ನೂ ಹೇಳಿದೆ. ದೌಂಡು, ಕ್ರಿಕೆಟ್ಟು, ಕಿಂಡಿ, ಗಂಟೆ ಜಾಗಟೆ, ಎತ್ತದ ಫೋನು. "ನಿನ್ನ ಹರಕಿ ಮುರಿದಾಂವ ನಾನು" ಎಂದೆ. ಆಮೇಲೆ, ಹೇಗಿದ್ದರೂ ಬಾಯಿ ಬಿಟ್ಟಾಗಿದೆ ಎಂದು, "ಇವತ್ತೂ ಉಪವಾಸ ಮಾಡಲಿಲ್ಲ. ಎರಡು ವಡಾ ಪಾವ್ ತಿಂದೆ" ಎಂದೆ.

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಜ್ವರ ಇದೆಯೇ ಎಂದು ನೋಡುವ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. "ಇಷ್ಟು ವರ್ಷ ನೀ ಉಳೀಲಿ ಅಂತ ಏಕಾದಶಿ ಹಿಡಿದಿದ್ನೆಪ್ಪಾ. ಉಳಿದಿ. ಇನ್ನ ಮ್ಯಾಲ ನೀ ಛಲೋ ಆಗ್ಲಿ ಅಂತ ಹಿಡೀತೀನಿ" ಎಂದಳು.

ನನ್ನ ಕಣ್ಣಲ್ಲಿ ನೀರು ಬಂತು. ವಿಷಮಶೀತ ಜ್ವರ ಇಪ್ಪತ್ತೊಂದು ದಿನಕ್ಕೆ ಬಿಟ್ಟಿತ್ತಂತೆ. ಈ ಹೊಸ ಹರಕೆ ಯಾವಾಗ ಫಲಿಸುತ್ತದೋ, ಅವ್ವ ಪಾಪ ಇನ್ನೂ ಎಷ್ಟು ಏಕಾದಶಿ ಹಸಿದಿರಬೇಕೋ ಗೊತ್ತಿಲ್ಲ. ಯಾಕೆಂದರೆ ಆವತ್ತು ನಾನು ತಿಂದ ವಡಾ ಪಾವ್ ಎರಡಲ್ಲ, ಮೂರು.